ಕೇಸ್ ಶೀಟಿನಲ್ಲಿ ಏನು ಬರೆದಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



‘ದೊಡ್ಡಾಸ್ಪತ್ರೆಗೆ ಹಾಕಿದ್ದಾರಂತೆ’ ಎಂದರೆ ಸಾಕು, ನಮ್ಮ ಎದೆ ಝಲ್ಲೆನ್ನುತ್ತದೆ. ಬೆಂಗಳೂರಿನಲ್ಲಿ ದೊಡ್ಡಾಸ್ಪತ್ರೆಯೆಂದರೆ ವಿಕ್ಟೋರಿಯಾ. 1897ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ಒಬ್ಬ ಹೆಂಗಸು, ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1900ರಲ್ಲಿ ಅದು ತೆರೆಯಿತು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಆರಂಭವಾಗಿ, ಅದು ಡಾಕ್ಟರಿಕೆ ಕಲಿಸುವ ಆಸ್ಪತ್ರೆಯೂ ಆಯಿತು. 1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಹೆಂಗಸರು ಅಲ್ಲಿಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಬಂದು ವಿಚಾರಿಸಿದಾಗ, ಎಷ್ಟೋ ಸಾವುಗಳು ‘ಸ್ಟೋವ್ ಸಿಡಿದು’ ಎಂಬ ಎರಡೇ ಮಾತಿನಲ್ಲಿ ಮುಗಿದುಹೋಗಿದ್ದವು.

ಕಾಲೇಜು ಆಸ್ಪತ್ರೆಯ ಬಗ್ಗೆ ನಿಮ್ಮ ದೂರು ನನಗೆ ಗೊತ್ತು. ‘ಹಾಸಿಗೆ ಸುತ್ತ ಹತ್ತು ಹುಡುಗರು ನಿಂತು ನೋಡ್ತಾರಮ್ಮ, ಬಡವರ ಮೈಮೇಲೆ ಕಲೀತಾರೆ.’ ದೂರು ಸುಳ್ಳಲ್ಲ. ಒಪ್ಪಿಗೆ ಕೇಳದೆ, ಪರದೆ ಎಳೆಯದೆ ಹೆಂಗಸಿನ ಮೈ ತೋರಿಸಿ ಪಾಠ ಮಾಡುವುದು ತಪ್ಪೇ. ಆದರೆ ಮೂವತ್ತು ವರ್ಷ ಪಾಠ ಹೇಳಿದ ನನಗೆ ಇನ್ನೊಂದು ಮುಖವೂ ಕಂಡಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂದು ಮಲಗಿದ್ದಾಗ ನೋಡಲು ಹೋಗಿದ್ದೆ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ. ಅತ್ತೆ ತಲೆದಿಂಬಿನ ಪಕ್ಕದಲ್ಲೇ ಕೂತಿದ್ದರು. ಡಾಕ್ಟರು ‘ಹೇಗಾಯಿತಮ್ಮ?’ ಎಂದು ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ಅತ್ತೆ. ‘ಹಾಲು ಕಾಯಿಸೋಕೆ ಹೋದ್ಲು, ಸ್ಟೋವ್ ಸಿಡೀತು.’ ಹಾಳೆಯ ಮೇಲೆ ಅದೇ ಇಳಿಯಿತು. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದದ್ದು ಗ್ಯಾಸಿನಲ್ಲಿ. ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಸಂಜೆ ಹೌಸ್ ಸರ್ಜನ್ ಹುಡುಗಿಯೊಬ್ಬಳು ಡ್ರೆಸಿಂಗ್ ಬದಲಿಸಲು ಬಂದವಳು, ‘ಎಲ್ಲರೂ ಹೊರಗಿರಿ’ ಎಂದಳು. ಅರ್ಧ ಗಂಟೆ ಕಳೆದು ಹೊರಗೆ ಬಂದು ತನ್ನ ಮೇಲಿನ ಡಾಕ್ಟರಿಗೆ ಹೇಳಿದಳು, ಪೊಲೀಸರನ್ನು ಕರೆಸಿದರು. ಇಪ್ಪತ್ತಮೂರು ವರ್ಷದ ಆ ಮಗು ಕೇಳಿದ್ದನ್ನು ಎಂ.ಎ. ಮಾಡಿದ ನಾನು ಕೇಳಿರಲಿಲ್ಲ.

ಪ್ರೊಫೆಸರು ದಿನಕ್ಕೊಮ್ಮೆ ರೌಂಡ್ಸ್ ಬಂದು ಹೋಗುತ್ತಾರೆ. ರಾತ್ರಿ ಹಗಲು ವಾರ್ಡಿನಲ್ಲಿರುವವರು ನರ್ಸಮ್ಮಂದಿರು ಮತ್ತು ಈ ಕಲಿಯುವ ಮಕ್ಕಳು. ಕೇಸ್ ಶೀಟು ಬರೆಯುವ ಕೈಯೂ ಬಹುಮಟ್ಟಿಗೆ ಅವರದೇ. ಸಾಯುವವಳು ತನ್ನ ಸಾವಿನ ಕಾರಣದ ಬಗ್ಗೆ ಹೇಳಿದ ಮಾತು ಸಾಕ್ಷ್ಯವಾಗುತ್ತದೆ. 1872ರ ಕಾಯಿದೆಯಲ್ಲಿದ್ದ ಈ ನಿಯಮ, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯಲ್ಲೂ ಇದೆ. ಅದನ್ನು ಮ್ಯಾಜಿಸ್ಟ್ರೇಟರೇ ಬರೆದುಕೊಳ್ಳಬೇಕೆಂದಿಲ್ಲ, ಡಾಕ್ಟರು ಬರೆದುಕೊಂಡರೂ ನಡೆಯುತ್ತದೆ. ಅವಳಿಗೆ ಪ್ರಜ್ಞೆ ಸರಿಯಾಗಿತ್ತು ಎಂಬ ಡಾಕ್ಟರ ಸರ್ಟಿಫಿಕೇಟ್ ಇಲ್ಲದ ಮಾತ್ರಕ್ಕೆ ಆ ಹೇಳಿಕೆ ಬಿದ್ದುಹೋಗುವುದಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮದುವೆಯಾದ ಏಳು ವರ್ಷದೊಳಗಿನ ಅಸಹಜ ಸಾವಾದರೆ ಮ್ಯಾಜಿಸ್ಟ್ರೇಟ್ ದರ್ಜೆಯ ಅಧಿಕಾರಿ ಶವಪಂಚನಾಮೆ ಮಾಡಬೇಕು.

ಸಾಯುವವರೆಗೆ ಕಾಯುವುದೇಕೆ? ಹೊಡೆತ ತಿಂದು ಬಂದವಳಿಗೂ ಹಕ್ಕಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಅವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ‘ಮೊದಲು ದೂರು ಕೊಟ್ಟು ಬಾ’ ಎಂದು ವಾಪಸ್ಸು ಕಳಿಸುವಂತಿಲ್ಲ. ದೌರ್ಜನ್ಯದ ವರದಿ ಆಗಿರದಿದ್ದರೆ ಆಸ್ಪತ್ರೆಯೇ ಅದನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ಅವಳಿಗೆ ಪುಕ್ಕಟೆ ಸಿಗಬೇಕು. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಹೇಳಿಬಿಟ್ಟರೆ ಮಾತ್ರ ಹಾಳೆಯಲ್ಲಿ ಬಚ್ಚಲೇ ಉಳಿಯುತ್ತದೆ.

ಆದ್ದರಿಂದ ನಿಮ್ಮ ಸಂಘದ ಹೆಣ್ಣುಮಗಳನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಇಬ್ಬರು ಹೋಗಿ. ಹಣ್ಣು ಹಂಪಲು ಆಮೇಲೆ ಆಗಲಿ. ಡ್ಯೂಟಿಯಲ್ಲಿರುವ ಡಾಕ್ಟರನ್ನು ಕಂಡು, ‘ಇವಳನ್ನು ಒಬ್ಬಳನ್ನೇ ಇರಿಸಿಕೊಂಡು ಕೇಳಿ ಸ್ವಾಮಿ’ ಎನ್ನಿ. ಅಷ್ಟು ಹೊತ್ತು ಅತ್ತೆಯನ್ನೋ ಗಂಡನನ್ನೋ ಕಾಫಿಗೆ ಕರೆದುಕೊಂಡು ಹೋಗುವ ಕೆಲಸ ಇನ್ನೊಬ್ಬರದು. ಅದಕ್ಕೆ ಯಾರು ಒಳ್ಳೆಯವರೆಂದು ನಿಮ್ಮ ನಿಮ್ಮ ಸಂಘದಲ್ಲೇ ನಿಮಗೆ ಗೊತ್ತಿರುತ್ತದೆ.