ಅತ್ತಿಹಣ್ಣಿನ ಗೋಡೆ



ದಾಂಡೇಲಿ, ಜೋಯಿಡಾ ಕಡೆ ಹಳ್ಳದ ದಂಡೆ ಹಿಡಿದು ನಡೆದರೆ ಅತ್ತಿಮರ ಕಾಣದೆ ಇರುವುದಿಲ್ಲ. ಮುಂಡಗೋಡಿನ ಪಕ್ಷಿಧಾಮಕ್ಕಂತೂ ಅತ್ತಿವೇರಿ ಎಂದೇ ಹೆಸರು. ಕೇಳಿದಾಗಲೆಲ್ಲ ನನಗೆ ಈ ಮರವೇ ನೆನಪಾಗುತ್ತದೆ. ಕಾಂಡಕ್ಕೇ ಅಂಟಿಕೊಂಡ ಗೊಂಚಲು ಗೊಂಚಲು ಕಾಯಿ. ಕೆಂಪಗೆ ಹಣ್ಣಾದದ್ದನ್ನು ಆಸೆಯಿಂದ ಬಿಡಿಸಿದರೆ ಒಳಗೆ ಹುಳ. ಚಿಕ್ಕಂದಿನಲ್ಲಿ ನಾನೂ ‘ಥೂ’ ಎಂದು ಎಸೆದವನೇ. ಮೇಲೆ ಚಂದ, ಒಳಗೆ ಹುಳುಕು ಇರುವವರಿಗೆಲ್ಲ ನಾವು ಅತ್ತಿಹಣ್ಣಿನ ಹೋಲಿಕೆ ಕೊಟ್ಟೆವು. ಮರಕ್ಕೆ ಇದು ತಕ್ಕ ಮಾತಲ್ಲ.

ಅತ್ತಿಯ ಹೂ ಕಂಡವರಿಲ್ಲ ಎನ್ನುತ್ತಾರಲ್ಲ, ಆ ಹೂಗಳೆಲ್ಲ ಇರುವುದು ಕಾಯಿಯ ಒಳಗೆ. ಎರಡು ಮಿಲಿಮೀಟರಿನಷ್ಟಿರುವ ಹೆಣ್ಣು ಕಣಜವೊಂದು ಕಾಯಿಯ ತುದಿಯ ಕಿಂಡಿಯಲ್ಲಿ ನುಸುಳುತ್ತದೆ. ನುಸುಳುವಾಗ ರೆಕ್ಕೆ ಹರಿದುಹೋಗುತ್ತವೆ, ಮತ್ತೆ ಹೊರಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಬೀಜವಾಗುವುದಿಲ್ಲ, ಮರಿಗೆ ಆಹಾರವಾಗುತ್ತದೆ. ಮರ ತನ್ನ ಬೀಜದಲ್ಲೇ ಕೂಲಿ ಕೊಡುತ್ತದೆ ಅನ್ನಿ.

ಕೂಲಿ ಮಾಡದೆ ಉಣ್ಣಲು ಬರುವವರೂ ಇದ್ದಾರೆ. ಬೇರೆ ಜಾತಿಯ ಕಣಜಗಳು ಒಳಗೆ ಹೋಗುವುದೇ ಇಲ್ಲ. ಕಾಯಿಯ ಮೇಲೆ ಕೂತು, ಸೂಜಿಯಂಥ ಮೊಟ್ಟೆನಾಳವನ್ನು ಚುಚ್ಚಿ ಮೊಟ್ಟೆ ಇಳಿಸುತ್ತವೆ. ಕೆಲವು ಹೂವನ್ನು ಗಂಟು ಮಾಡಿ ತಿನ್ನುವವು. ಇನ್ನು ಕೆಲವು ಪರತಂತ್ರಜೀವಿಗಳು; ಅವುಗಳ ಮರಿ ತಿನ್ನುವುದು ಒಳಗಿರುವ ಇನ್ನೊಂದು ಮರಿಯನ್ನು.

ಇಲ್ಲಿ ಯಾರಿಗೆ ಊಟ, ಯಾರಿಗೆ ಉಪವಾಸ ಎನ್ನುವುದು ಬಹುಮಟ್ಟಿಗೆ ಕಾಯಿಯ ಗೋಡೆಯ ಕೈಯಲ್ಲಿದೆ. ಎಳೆಗಾಯಿಯ ಗೋಡೆ ತೆಳು, ಆಗ ಬರುವ ಕಣಜಕ್ಕೆ ಗಿಡ್ಡ ಸೂಜಿ ಸಾಕು. ಕಾಯಿ ಬಲಿತು ಗೋಡೆ ದಪ್ಪವಾದ ಮೇಲೆ ಬರುವವಕ್ಕೆ ಉದ್ದ ಸೂಜಿ ಬೇಕು. ನಡುವಿನಲ್ಲಿ ಆಳದಲ್ಲಿರುವ ಮರಿಗಳು ಎಷ್ಟೋ ಸಲ ಈ ಸೂಜಿಗೆ ಎಟುಕದೆ ಬದುಕಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಇದೇ ಅತ್ತಿಮರದ ಕೆಳಗೆ ವರ್ಷಗಟ್ಟಲೆ ಕೂತು ಈ ಸಂಸಾರವನ್ನು ನೋಡಿದ್ದಾರೆ. ಅದೇ ಸಂಸ್ಥೆಯಿಂದ 2014ರಲ್ಲಿ ಹೊರಬಂದ ಇನ್ನೊಂದು ಸಂಶೋಧನೆ ನನ್ನನ್ನು ಬೆರಗುಗೊಳಿಸಿತು: ಇಂಥ ಒಂದು ಪರತಂತ್ರ ಕಣಜದ ಸೂಜಿ ಕೂದಲೆಳೆಗಿಂತ ಸಣ್ಣದು, ತುದಿಯಲ್ಲಿ ಹಲ್ಲುಗಳು, ಆ ತುದಿ ಗಟ್ಟಿಯಾಗಲು ಸತು. ಹಳಿಯಾಳದ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಕೊರೆಯಬೇಕಾದರೆ ಬಿಟ್ಟಿನ ಮೊನೆ ಗಟ್ಟಿ ಇರಬೇಕು.

ಕೊರೆಯಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸೂಜಿ ಸಿಕ್ಕಿಸಿಕೊಂಡು ಕೂತ ಕಣಜ ಓಡಲಾರದು. ಆಗ ಬರುತ್ತದೆ ಚಗಳಿ, ನಮ್ಮ ಕಾಡಿನವರು ಚಟ್ನಿ ಅರೆಯುವ ಅದೇ ಕೆಂಪಿರುವೆ. ಹೊರಗೆ ಕೂತು ಚುಚ್ಚುವವರನ್ನು ಹಿಡಿಯುತ್ತದೆ. ಮೊದಲೇ ಒಳಗೆ ಸೇರಿಕೊಂಡ ಕೂಲಿಯ ಕಣಜದ ತಂಟೆಗೆ ಹೋಗಲಾರದು. ಮರಕ್ಕೆ ಬಾಡಿಗೆ ಇಲ್ಲದ ಕಾವಲು.

ಕೊನೆಗೆ ರೆಕ್ಕೆಯಿಲ್ಲದ ಗಂಡು ಕಣಜಗಳು ಗೋಡೆಗೆ ಕಿಂಡಿ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ಕಿಂಡಿಯಿಂದ ಹಾರಿಹೋಗುತ್ತವೆ, ಒಂದೆರಡು ದಿನದ ಆಯುಷ್ಯದೊಳಗೆ ಇನ್ನೊಂದು ಅತ್ತಿಮರ ಹುಡುಕಲು. ಅವು ಹೋದ ಮೇಲೆಯೇ ಕಾಯಿ ಕೆಂಪಾಗಿ ಮೆದುವಾಗುವುದು. ನಾವು ಕಂಡು ಹೇಸಿದ ಹುಳಗಳಲ್ಲಿ ಸತ್ತ ಗಂಡುಗಳೂ ಹಿಂದೆ ಉಳಿದವೂ ಸೇರಿವೆ.

ಬೆಳಗಿನ ಹೊತ್ತಿಗೆ ಕಾಳಿ ನದಿಯ ಮೇಲೆ ಮಂಗಟ್ಟೆಗಳು ಬುಸ್ಸು ಬುಸ್ಸು ರೆಕ್ಕೆ ಬಡಿಯುತ್ತ ಬಂದು ಅತ್ತಿಮರದಲ್ಲಿ ಇಳಿಯುತ್ತವೆ. ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು, ಕತ್ತು ಮೇಲೆತ್ತಿ, ಇಡಿಯಾಗಿ ನುಂಗುತ್ತವೆ. ಬಿಡಿಸಿ ನೋಡುವುದಿಲ್ಲ.