ಕೇಪಿನ ಬಂದೂಕು ಕೈಕೊಟ್ಟಾಗ

ರಾಗಿ ತೆನೆ ಹಾಲುಗಟ್ಟಿತೆಂದರೆ ಬನ್ನೇರುಘಟ್ಟದ ಕಾಡಂಚಿನ ಊರುಗಳಲ್ಲಿ ರಾತ್ರಿ ಕಾವಲು ಶುರು. ತಮಟೆ, ಪಂಜು, ಪಟಾಕಿಗಳ ಜೊತೆಗೆ ಕೆಲವರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಬಂದೂಕೂ ಉಂಟು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬೀಳುವ ಹೊತ್ತಿಗೆ ಸಾರಕ್ಕಿ, ಜರಗನಹಳ್ಳಿ, ಯಲಚೇನಹಳ್ಳಿಗಳೂ ಹೊಲಗದ್ದೆಯ ಊರುಗಳೇ. ಈಗ ಅಲ್ಲಿ ಹೊಲ ಹೋಗಿ ಮನೆಗಳಾಗಿವೆ. ಆದರೂ ತಾತನ ಕಾಲದ ಬಂದೂಕು ಗೋಡೆಯ ಗೂಟದಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಈ ಮಾತು ಹಳ್ಳಿಯವರಿಗೂ ಸರಿ, ಬಡಾವಣೆಯವರಿಗೂ ಸರಿ.

ಮೊದಲು ಈ ಬಂದೂಕಿನ ರೀತಿ ತಿಳಿಯೋಣ. ಮದ್ದು, ಚರೆ ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಜಡಿಯುತ್ತೇವೆ. ನಳಿಗೆಯ ಬುಡವನ್ನು ತಿರುಪಿನ ಬಿರಡೆಯೊಂದು ಮುಚ್ಚಿರುತ್ತದೆ. ಅದರ ಪಕ್ಕದಲ್ಲಿ ಸಣ್ಣ ತೂತಿನ ತೊಟ್ಟು. ಇದಕ್ಕೆ ನಿಪ್ಪಲು ಎನ್ನುತ್ತಾರೆ. ಅದರ ಮೇಲೆ ಕೇಪು ಕೂರುತ್ತದೆ. ಕುದುರೆ ಬಡಿದಾಗ ಕೇಪು ಸಿಡಿದು, ಕಿಡಿ ತೂತಿನೊಳಗೆ ಹಾದು ಮದ್ದಿಗೆ ತಗಲುತ್ತದೆ. ಬಡಿದರೆ ಸಿಡಿಯುವ ಈ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫಾರ್ಸಿತ್. ತೊಟ್ಟಿನ ಮೇಲೆ ಕೂರಿಸುವ ತಾಮ್ರದ ಕೇಪು ಆಮೇಲೆ ಬಂತು.

ಸರಿ, ಬಂದೂಕು ಹಾರಲಿಲ್ಲ. ಏನು ಕಾರಣ? ಕೇಪೇ ಸಿಡಿಯದಿದ್ದರೆ ಒಂದು ಬಗೆ, ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ಇನ್ನೊಂದು ಬಗೆ. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಕೇಪೇ ಸಿಡಿಯಲಿಲ್ಲವೆಂದರೆ ಕೇಪಿಗೆ ತೇವ ತಗಲಿರಬಹುದು; ತೊಟ್ಟಿನ ಮೇಲೆ ಪೂರ್ತಿ ಕೂತಿಲ್ಲದಿರಬಹುದು; ಏಟು ತಿಂದು ತಿಂದು ತೊಟ್ಟಿನ ತುದಿ ಅಣಬೆಯಂತೆ ಚಪ್ಪಟೆಯಾಗಿರಬಹುದು; ಇಲ್ಲವೆ ಕುದುರೆಯ ಸ್ಪ್ರಿಂಗು ಸೋತಿರಬಹುದು. ಕೇಪು ಸಿಡಿದೂ ಮದ್ದು ಹೊತ್ತಲಿಲ್ಲವೆಂದರೆ ತೂತಿನಲ್ಲಿ ಮಸಿ ಕಟ್ಟಿದೆ, ಎಣ್ಣೆ ಇಳಿದು ನಿಂತಿದೆ, ಅಥವಾ ಮದ್ದು ನೆಂದಿದೆ ಎಂದು ತಿಳಿಯಿರಿ.

ಈಗ ಬಹು ಮುಖ್ಯವಾದ ಮಾತು, ಕಿವಿಗೊಟ್ಟು ಕೇಳಿ. ‘ಟಕ್’ ಎಂದು ಸದ್ದಾಗಿ ಸುಮ್ಮನಾದ ಬಂದೂಕು ಸತ್ತಿಲ್ಲ. ಒಳಗೆ ಕಿಡಿ ಹೊಗೆಯಾಡುತ್ತಿದ್ದು, ತಡವಾಗಿ ಹಾರುವುದುಂಟು. ನಳಿಗೆಯ ಬಾಯನ್ನು ಜನ, ದನ, ಮನೆ ಇಲ್ಲದ ಕಡೆಗೇ ಹಿಡಿದು, ಎರಡು ನಿಮಿಷ ಹಾಗೇ ನಿಲ್ಲಿ. ಬಗ್ಗಿ ನೋಡಬೇಡಿ, ಬಾಯಿಟ್ಟು ಊದಲೇಬೇಡಿ. ಆಮೇಲೆ ಹಳೇ ಕೇಪು ತೆಗೆದು ಹೊಸದು ಹಾಕಿ ನೋಡಬಹುದು. ಆಗಲೂ ಹಾರದಿದ್ದರೆ ಮತ್ತೆ ಎರಡು ನಿಮಿಷ ಕಾದು, ಕೇಪು ತೆಗೆದುಬಿಡಿ. ಮೈಯನ್ನು ಪಕ್ಕಕ್ಕಿಟ್ಟುಕೊಂಡು ನಳಿಗೆಯೊಳಗೆ ನೀರು ಸುರಿದು ಮದ್ದನ್ನು ನೆನೆಸಿ, ಪರವಾನಗಿಯುಳ್ಳ ಬಂದೂಕು ರಿಪೇರಿಯವರಿಗೆ ಒಪ್ಪಿಸಿ. ನೆಂದ ಮದ್ದು ಒಣಗಿದರೆ ಮತ್ತೆ ಹೊತ್ತೀತು. ಆದ್ದರಿಂದ ಹಾಗೇ ಮೂಲೆಗಿಡುವುದು ತರವಲ್ಲ.

ಹಾರಲಿಲ್ಲವೆಂದು ಅದರ ಮೇಲೇ ಇನ್ನೊಂದು ಮದ್ದು ಜಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಕದನ ಮುಗಿದ ಮೇಲೆ ಆಯ್ದ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು 24,000 ತುಂಬಿದ್ದವೇ ಆಗಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಸಲ ತುಂಬಿತ್ತಂತೆ! ಪಳಗಿದ ಸಿಪಾಯಿಗಳಿಗೇ ಹೀಗಾದರೆ, ನಿದ್ದೆಗಣ್ಣಿನ ಕಾವಲುಗಾರನ ಪಾಡೇನು? ಉಪಾಯ ಸುಲಭ. ಖಾಲಿ ನಳಿಗೆಯಲ್ಲಿ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀಟು ಹಾಕಿ. ಸರಿಯಾಗಿ ತುಂಬಿದಾಗ ಎಲ್ಲಿ ನಿಲ್ಲುತ್ತದೋ ಅಲ್ಲಿ ಇನ್ನೊಂದು ಗೀಟು. ಬಂದೂಕು ಕೈಗೆತ್ತಿಕೊಂಡಾಗಲೆಲ್ಲ, ತೊಟ್ಟಿನ ಮೇಲೆ ಕೇಪಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಜ ಇಳಿಸಿ ನೋಡಿ. ಗೋಡೆಯ ಮೇಲಿನ ತಾತನ ಬಂದೂಕಿಗೂ ಇದೇ ಪರೀಕ್ಷೆ. ಎಷ್ಟೋ ವರ್ಷದ ಮದ್ದು ಒಳಗೇ ಕೂತಿದ್ದೀತು.

ಇನ್ನು ತೊಳೆಯುವ ವಿಚಾರ. ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಈ ಕಿಟ್ಟ ಬಹುಪಾಲು ಉಪ್ಪು. ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ‘ಸೀಮೆಎಣ್ಣೆ ಬಟ್ಟೆ ಎಳೆದಿದ್ದೇನೆ, ಸಾಕು’ ಅಂತೀರಾ? ಉಪ್ಪು ಸೀಮೆಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಹಾರಿಸಿದ ದಿನವೇ, ನಳಿಗೆ ಖಾಲಿಯೆಂದು ಗಜದಿಂದ ಖಾತ್ರಿ ಮಾಡಿಕೊಂಡು, ಬಿಸಿನೀರು ಸಾಬೂನಿನಲ್ಲಿ ತೊಳೆಯಿರಿ. ನೀರು ತೊಟ್ಟಿನ ತೂತಿನಿಂದ ಸಲೀಸಾಗಿ ಹರಿದು ಬಂದರೆ ದಾರಿ ತೆರೆದಿದೆ ಎಂದರ್ಥ. ಒಣಬಟ್ಟೆಯಿಂದ ಚೆನ್ನಾಗಿ ಒರಸಿ ತೆಳ್ಳಗೆ ಎಣ್ಣೆ ಸವರಿ. ಅತಿಯಾದರೆ ಅಮೃತವೂ ವಿಷ. ಹೆಚ್ಚಾದ ಎಣ್ಣೆ ಬುಡಕ್ಕಿಳಿದು ಕಿಡಿಯ ದಾರಿ ಮುಚ್ಚುತ್ತದೆ. ಆದ್ದರಿಂದ ಬಾಯಿ ಕೆಳಗಾಗಿ ನಿಲ್ಲಿಸಿ. ಮತ್ತೆ ತುಂಬುವ ಮುನ್ನ ಒಣಬಟ್ಟೆಯಿಂದ ಎಣ್ಣೆ ತೆಗೆಯಿರಿ.

ಬುಡದ ಬಿರಡೆಯ ತಂಟೆಗೆ ನೀವು ಹೋಗಬೇಡಿ. ಸಿಡಿತದ ಒತ್ತಡವನ್ನೆಲ್ಲ ತಾಳುವುದು ಅದರ ತಿರುಪೇ, ಮತ್ತು ಅದು ಇರುವುದು ನಿಮ್ಮ ಮುಖದ ಹತ್ತಿರ. ಪರದೇಶಗಳ ಕೆಲವು ಹೊಸ ಬಂದೂಕುಗಳಲ್ಲಿ ಬಿರಡೆಯನ್ನು ಬಿಚ್ಚಿ ತೊಳೆದು ಗ್ರೀಸು ಹಚ್ಚುವ ಏರ್ಪಾಡುಂಟು. ನಮ್ಮ ಹಳೆಯ ಬಂದೂಕುಗಳಲ್ಲಿ ಬಿಚ್ಚಿ ಹಾಕಿದರೆ ತಿರುಪಿನ ಹಿಡಿತವೇ ಕೆಡುತ್ತದೆ. ನಿಮ್ಮ ಕೆಲಸ ನೋಡುವುದಷ್ಟೆ. ಹಾರಿಸಿದ ಮೇಲೆ ಬಿರಡೆಯ ಸಂದಿನಲ್ಲಿ ಮಸಿಗೀರು ಕಂಡರೆ, ತೊಳೆಯುವಾಗ ಅಲ್ಲಿ ನೀರು ಜಿನುಗಿದರೆ, ಆ ಬಂದೂಕನ್ನು ಅಂದೇ ನಿಲ್ಲಿಸಿ. ಕುಲುಮೆಗೆ ಒಯ್ದು ಕಾಯಿಸುವುದು, ಬೆಸುಗೆ ಹಾಕಿಸುವುದು ಬೇಡವೇ ಬೇಡ. ಒಳಗೆ ಮದ್ದಿದ್ದರೆ ಪ್ರಾಣಕ್ಕೇ ಸಂಚಕಾರ.

ಕಾನೂನಿನ ಮಾತೂ ಒಂದಿಷ್ಟು. 1959ರ ಆಯುಧ ಕಾಯಿದೆಯಲ್ಲಿ ಬೆಳೆ ರಕ್ಷಣೆಯ ಬಾಯಿತುಂಬುವ ಬಂದೂಕಿನ ಪ್ರಸ್ತಾಪವೇ ಇದೆ. ಆದರೆ ಅಪ್ಪನ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ, ಅರ್ಜಿ ಕೊಡಬೇಕು. ಬಂದೂಕಿನ ಪರವಾನಗಿ ಪ್ರಾಣಿ ಕೊಲ್ಲುವ ಅಪ್ಪಣೆಯೂ ಅಲ್ಲ. 1972ರ ವನ್ಯಜೀವಿ ಕಾಯಿದೆ ಆನೆ, ನವಿಲುಗಳಿಗಷ್ಟೇ ಅಲ್ಲ, ಕಾಡುಹಂದಿಗೂ ಅನ್ವಯಿಸುತ್ತದೆ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಬರೆದುಕೊಳ್ಳಿ.

ಅಕ್ಕತಂಗಿಯರಿಗೊಂದು ಮಾತು. ಮದ್ದಿನ ಡಬ್ಬಿ ಒಲೆ, ದೀಪಗಳಿಂದ ದೂರವಿರಲಿ. ಕೇಪುಗಳನ್ನು ಮಕ್ಕಳು ಆಟದ ಸಾಮಾನೆಂದುಕೊಳ್ಳುತ್ತಾರೆ. ಮದ್ದಿನಿಂದ ಬೇರೆಯಾಗಿ, ಬೀಗದೊಳಗಿಡಿ. ಬಂದೂಕು ಖಾಲಿಯೋ ಎಂದು ಗಂಡಸರನ್ನು ಕೇಳಲು ಸಂಕೋಚಪಡಬೇಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗಾಗಬಾರದು. ಒಂದು ವರ್ಷದ ರಾಗಿ ಹೋದರೆ ಮರುವರ್ಷ ಬೆಳೆದೇವು. ಕಣ್ಣು ಕೈ ಹೋದರೆ ಬೆಳೆಯುವವರಾರು?