ಉದ್ಯಾನಗಳಿಗೆ ಬೀಗ ಜಡಿದ ಊರು

ಹೊಸ ಊರಿಗೆ ಹೋದವರು ಮೊದಲು ಕೇಳುವ ಪ್ರಶ್ನೆ, ‘ಇಲ್ಲಿ ನೋಡುವಂಥದ್ದು ಏನಿದೆ?’ ಎಂಬುದು. ಉದ್ಯಾನ, ವಸ್ತುಸಂಗ್ರಹಾಲಯ, ಕ್ರೀಡಾಂಗಣಗಳ ಪಟ್ಟಿ ಉತ್ತರವಾಗಿ ಬರುತ್ತದೆ. ಆದರೆ ಆ ಜಾಗಗಳೊಳಗೆ ಒಂದು ಕಾಲಕ್ಕೆ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂದು ಕೇಳುವವರು ಕಡಿಮೆ. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಮಟ್ಟಿಗಂತೂ ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಮೊದಲನೆಯದಕ್ಕೆ ಉತ್ತರ ದೊರೆಯುವುದಿಲ್ಲ.

ಸುಮಾರು ಎರಡು ಲಕ್ಷ ಜನಸಂಖ್ಯೆಯ ಈ ಮಧ್ಯಮ ಗಾತ್ರದ ನಗರ ಹುಟ್ಟಿದ್ದು 1871ರಲ್ಲಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಈ ಮೂರೂ ಹತ್ತಿರ ಹತ್ತಿರದಲ್ಲೇ ದೊರೆತದ್ದು ಅದರ ಹುಟ್ಟಿಗೆ ಕಾರಣ. ಊರು ಎಷ್ಟು ಬೇಗ ಬೆಳೆಯಿತೆಂದರೆ ಜನ ಅದನ್ನು ‘ಮಾಯಾನಗರಿ’ ಎಂದು ಕರೆದರು. ತನ್ನ ಕಬ್ಬಿಣದ ಹಿರಿಮೆಯನ್ನು ಜಗತ್ತಿಗೆ ಸಾರಲು 1904ರ ಸೇಂಟ್ ಲೂಯಿ ವಿಶ್ವಮೇಳಕ್ಕೆ ಅದು ಒಂದು ವಿಗ್ರಹವನ್ನು ಕಳುಹಿಸಿತು. ಅದು ರೋಮನ್ನರ ಅಗ್ನಿದೇವತೆ, ಕಮ್ಮಾರರ ದೇವರು ವಲ್ಕನ್. ಶಿಲ್ಪಿ ಜುಸೆಪ್ಪೆ ಮೊರೆಟ್ಟಿ. ಎತ್ತರ 56 ಅಡಿ. ಮೇಳದಿಂದ ಮರಳಿದ ಮೇಲೆ ದೇವರ ಸ್ಥಿತಿ ಅಷ್ಟೇನೂ ಚೆನ್ನಾಗಿರಲಿಲ್ಲ. ಜಾತ್ರೆ ಮೈದಾನದಲ್ಲಿ ವರ್ಷಗಟ್ಟಲೆ ನಿಂತು, ಕೈಯಲ್ಲಿ ಐಸ್‌ಕ್ರೀಮ್ ಜಾಹೀರಾತು ಹಿಡಿಯುವ ಪಾಡೂ ಅವನಿಗೆ ಬಂತು. 1930ರ ದಶಕದ ಕೊನೆಯಲ್ಲಿ ರೆಡ್ ಮೌಂಟನ್ ಗುಡ್ಡದ ಮೇಲೆ ಅವನನ್ನು ಪ್ರತಿಷ್ಠಾಪಿಸಲಾಯಿತು. ಎರಕದ ಕಬ್ಬಿಣದ ವಿಗ್ರಹಗಳಲ್ಲಿ ಪ್ರಪಂಚಕ್ಕೇ ದೊಡ್ಡದು ಎಂಬ ಹೆಗ್ಗಳಿಕೆ ಅವನದು.

ಗುಡ್ಡದ ಕೆಳಗೆ ಊರಿನೊಳಗಿದೆ ಸ್ಲಾಸ್ ಕುಲುಮೆ. 1882ರಲ್ಲಿ ಉರಿಯತೊಡಗಿದ ಈ ಕಾರ್ಖಾನೆ 1971ರಲ್ಲಿ ಆರಿತು. ಅದನ್ನು ಕೆಡವಿಹಾಕುವ ಬದಲು ಉಳಿಸಿಕೊಳ್ಳಬೇಕೆಂದು ನಾಗರಿಕರು ಪಟ್ಟು ಹಿಡಿದದ್ದರಿಂದ 1983ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಇಂದು ಅಲ್ಲಿ ಸಂಗೀತ ಕಛೇರಿಗಳು ನಡೆಯುತ್ತವೆ, ಲೋಹದ ಎರಕದ ಕಲೆಯನ್ನು ಕಲಿಸಲಾಗುತ್ತದೆ. ಕುಲುಮೆ ಉರಿಯುತ್ತಿದ್ದ ಕಾಲದಲ್ಲಿ ಬೆಂಕಿಯ ಮುಂದಿನ ಕಷ್ಟದ ದುಡಿಮೆ ಹೆಚ್ಚಾಗಿ ಕಪ್ಪು ಜನರ ಪಾಲಿನದಾಗಿತ್ತು. ಪಾಳಿ ಮುಗಿಸಿ ಮೈತೊಳೆಯುವ ಮನೆಗಳು ಮಾತ್ರ ಬಿಳಿಯರಿಗೊಂದು, ಕಪ್ಪು ಜನರಿಗೊಂದು.

ದುಡಿಮೆಯಲ್ಲಿದ್ದ ಭೇದ ಆಟದಲ್ಲೂ ಇತ್ತು. 1910ರಲ್ಲಿ ತೆರೆದ ರಿಕ್‌ವುಡ್ ಮೈದಾನ ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ವೃತ್ತಿಪರ ಬೇಸ್‌ಬಾಲ್ ಮೈದಾನ. ಬಿಳಿಯರ ‘ಬ್ಯಾರನ್ಸ್’ ತಂಡವೂ ಕಪ್ಪು ಆಟಗಾರರ ‘ಬ್ಲ್ಯಾಕ್ ಬ್ಯಾರನ್ಸ್’ ತಂಡವೂ ಇಲ್ಲಿಯೇ ಆಡುತ್ತಿದ್ದವು, ಆದರೆ ಎಂದೂ ಒಟ್ಟಿಗಲ್ಲ. ಮುಂದೆ ಬೇಸ್‌ಬಾಲ್‌ನ ಮಹಾನ್ ಆಟಗಾರನೆನಿಸಿದ ವಿಲ್ಲಿ ಮೇಸ್, ಶಾಲಾ ಹುಡುಗನಾಗಿದ್ದಾಗಲೇ 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್ ಪರವಾಗಿ ಇಲ್ಲಿ ಆಡಿದ. ಎರಡು ಬಣ್ಣದವರು ಒಟ್ಟಿಗೆ ಕುಳಿತು ಇಸ್ಪೀಟು, ಪಗಡೆದಾಳ, ಡಾಮಿನೊ, ಚೆಕರ್ಸ್ ಆಡುವುದನ್ನೂ ನಗರದ ಕಟ್ಟಳೆ ಅಪರಾಧವೆಂದು ಸಾರಿತ್ತು. ಚೆಕರ್ಸ್ ಮಣೆಯ ಮೇಲೆ ಎರಡು ಬಣ್ಣದ ಕಾಯಿಗಳು ಒಟ್ಟಿಗಿರಬಹುದಿತ್ತು, ಮಣೆಯ ಮುಂದೆ ಎರಡು ಬಣ್ಣದ ಮನುಷ್ಯರು ಕೂಡುವಂತಿರಲಿಲ್ಲ!

1961ರಲ್ಲಿ ಫೆಡರಲ್ ನ್ಯಾಯಾಲಯ, ನಗರದ ಉದ್ಯಾನಗಳು ಎಲ್ಲರಿಗೂ ತೆರೆದಿರಬೇಕೆಂದು ಆಜ್ಞೆ ಮಾಡಿತು. ಆಗ ನಗರವನ್ನಾಳುತ್ತಿದ್ದ ಆಯುಕ್ತರ ಮಂಡಲಿ ಏನು ಮಾಡಿತು? ಎಲ್ಲರಿಗೂ ತೆರೆಯುವ ಬದಲು ಎಲ್ಲರಿಗೂ ಮುಚ್ಚಿತು. 1962ರ ಆರಂಭದಲ್ಲಿ ಅರುವತ್ತಕ್ಕೂ ಹೆಚ್ಚು ಉದ್ಯಾನಗಳು, ಮಕ್ಕಳ ಆಟದ ಬಯಲುಗಳು, ಈಜುಕೊಳಗಳು, ನಾಲ್ಕು ಗಾಲ್ಫ್ ಮೈದಾನಗಳು ಬಾಗಿಲು ಹಾಕಿದವು. ನೆರೆಯವನ ಮಗು ಉಯ್ಯಾಲೆ ಆಡಬಾರದೆಂದು ತನ್ನ ಮಗುವಿನ ಉಯ್ಯಾಲೆಯನ್ನೇ ಬಿಚ್ಚಿಟ್ಟ ಕಥೆ ಇದು. ಬಿಳಿಯರಲ್ಲೇ ಹಲವು ಗಣ್ಯರು ಬೇಡವೆಂದು ಮನವಿ ಮಾಡಿಕೊಂಡರೂ ಮಂಡಲಿ ಕಿವಿಗೊಡಲಿಲ್ಲ. ಇಂಥ ಹಟಮಾರಿತನದಿಂದ ಬೇಸತ್ತ ಮತದಾರರು ಅದೇ ವರ್ಷದ ನವೆಂಬರಿನಲ್ಲಿ ಆಯುಕ್ತರ ಆಡಳಿತವನ್ನೇ ತೆಗೆದು ಹಾಕಿ, ಮೇಯರ್ ಮತ್ತು ನಗರಸಭೆಯ ಪದ್ಧತಿಗೆ ಒಪ್ಪಿಗೆ ಕೊಟ್ಟರು.

ಗಾಂಧೀಜಿಯ ಸತ್ಯಾಗ್ರಹದಿಂದ ಸ್ಫೂರ್ತಿ ಪಡೆದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರು ಸ್ಥಳೀಯ ನಾಯಕ ಫ್ರೆಡ್ ಷಟಲ್ಸ್‌ವರ್ತ್ ಅವರೊಡನೆ 1963ರ ಏಪ್ರಿಲ್‌ನಲ್ಲಿ ಇಲ್ಲಿ ಚಳವಳಿ ಹೂಡಿದರು. ಇಲ್ಲಿನ ಸೆರೆಮನೆಯಲ್ಲಿದ್ದು ಅವರು ಬರೆದ ಪ್ರಸಿದ್ಧ ಪತ್ರದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಟೆಲಿವಿಷನ್‌ನಲ್ಲಿ ಮನರಂಜನಾ ಉದ್ಯಾನದ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ, ಅಲ್ಲಿಗೆ ಅವಳು ಹೋಗುವಂತಿಲ್ಲ ಏಕೆಂದು ಹೇಳಲು ತಂದೆಗೆ ನಾಲಗೆ ತೊದಲುತ್ತದೆ. ವಿಹಾರವೆಂಬುದು ಕ್ಷುಲ್ಲಕ ಸಂಗತಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೇ 2ರಿಂದ ಶಾಲಾ ಮಕ್ಕಳೇ ಬೀದಿಗಿಳಿದರು. ಕೆಲ್ಲಿ ಇಂಗ್ರಾಮ್ ಪಾರ್ಕಿನ ಸುತ್ತ ಅವರ ಮೇಲೆ ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಲಾಯಿತು, ಪೊಲೀಸ್ ನಾಯಿಗಳನ್ನು ಬಿಡಲಾಯಿತು. ಸೆರೆಮನೆಗಳು ತುಂಬಿದಾಗ ಮಕ್ಕಳನ್ನು ಕೂಡಿಹಾಕಿದ್ದು ಜಾತ್ರೆ ಮೈದಾನದಲ್ಲಿ! ಆ ಬೇಸಿಗೆಯಲ್ಲಿ ನಗರಸಭೆ ವರ್ಣಭೇದದ ಕಟ್ಟಳೆಗಳನ್ನು ರದ್ದು ಮಾಡಿತು. ಆದರೆ ದ್ವೇಷ ರದ್ದಾಗಲಿಲ್ಲ. ಸೆಪ್ಟೆಂಬರ್ 15ರ ಭಾನುವಾರ ಪಾರ್ಕಿನ ಎದುರಿನ ಹದಿನಾರನೆಯ ಬೀದಿಯ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲೆಯರು ಸತ್ತರು.

ಆ ಚರ್ಚು ಇಂದಿಗೂ ಇದೆ. ಅದರೆದುರು 1992ರಲ್ಲಿ ನಾಗರಿಕ ಹಕ್ಕುಗಳ ಸಂಸ್ಥೆಯ ವಸ್ತುಸಂಗ್ರಹಾಲಯ ತೆರೆಯಿತು. ಪಾರ್ಕಿನ ಕಾಲುದಾರಿಯ ಎರಡೂ ಬದಿಯಿಂದ ಲೋಹದ ನಾಯಿಗಳು ಮೇಲೆರಗುವಂತೆ ನಿಂತಿವೆ. ನಡುವೆ ಹಾದುಹೋಗುವ ಪ್ರವಾಸಿ ಒಂದು ಕ್ಷಣವಾದರೂ ಆ ಮಕ್ಕಳ ಜಾಗದಲ್ಲಿ ನಿಲ್ಲುತ್ತಾನೆ. 2017ರಲ್ಲಿ ಈ ಪ್ರದೇಶ ರಾಷ್ಟ್ರೀಯ ಸ್ಮಾರಕವಾಯಿತು. ಊರು ಮರೆಯಬಹುದಾಗಿದ್ದ ಅವಮಾನವೇ ಇಂದು ಅದು ಹೊರಗಿನವರಿಗೆ ತೋರಿಸುವ ಮುಖ್ಯ ಸ್ಥಳ.

2010ರಲ್ಲಿ, ಊರನ್ನು ಇಬ್ಭಾಗ ಮಾಡಿದ್ದ ರೈಲು ಹಳಿಗಳ ಪಕ್ಕದಲ್ಲೇ 19 ಎಕರೆಯ ‘ರೈಲ್‌ರೋಡ್ ಪಾರ್ಕ್’ ತೆರೆಯಿತು. 2013ರಲ್ಲಿ ಅದರ ನೆರೆಯಲ್ಲೇ ಹೊಸ ಬೇಸ್‌ಬಾಲ್ ಕ್ರೀಡಾಂಗಣ ಬಂತು. ಹಳೆಯ ರಿಕ್‌ವುಡ್ ಕೂಡ ಮೂಲೆಗುಂಪಾಗಲಿಲ್ಲ. 2024ರ ಜೂನ್ 20ರಂದು ಅಲ್ಲಿ ಮೇಜರ್ ಲೀಗ್ ಪಂದ್ಯವೊಂದು ನಡೆಯಿತು. ವಿಲ್ಲಿ ಮೇಸ್ ಅದಕ್ಕೆ ಎರಡು ದಿನ ಮೊದಲು, 93ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ಸಂಜೆ ಮೈದಾನದಲ್ಲಿ ಎರಡೂ ಬಣ್ಣದ ಆಟಗಾರರಿದ್ದರು. ಬಣ್ಣ ನೋಡಿ ಆಸನ ಹಂಚುವ ಪದ್ಧತಿ ಇರಲಿಲ್ಲ.

ಉದ್ಯಾನವೆಂದರೆ ಹುಲ್ಲು, ಗಿಡ, ಕಲ್ಲುಬೆಂಚು ಎಷ್ಟೋ ಅಷ್ಟೇ ಎಂದು ತಿಳಿಯುವುದು ಸುಲಭ. ಅದರ ಗೇಟಿನ ಬೀಗದ ಕೈ ಯಾರಲ್ಲಿದೆ ಎಂಬುದರಿಂದ ಊರಿನ ಗುಣ ತಿಳಿಯುತ್ತದೆ.